ಎಣ್ಣೆ ಹಚ್ಚಿದ ಗಾಳಿಶೋಧಕ: ನಮ್ಮ ಮನೆಯ ಒಂದು ಅನುಭವ



ಈ ವರ್ಷದ ಯುಗಾದಿ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: “ನಿಮ್ಮ ಫೋರ್‌ರನ್ನರ್ ಗಾಡಿಗೆ ಎಣ್ಣೆ ಹಚ್ಚುವ ಏರ್ ಫಿಲ್ಟರ್ ಹಾಕಿಸಿದ್ದೀರಂತೆ. ಒಮ್ಮೆ ಕೊಂಡರೆ ಗಾಡಿಯ ಜೀವಮಾನಕ್ಕೆ ಸಾಕಂತೆ. ನಾವೂ ಹಾಕಿಸಬಹುದೇ?” ಒಬ್ಬಟ್ಟು ತಟ್ಟೆಗೆ ಬೀಳುವಷ್ಟರೊಳಗೆ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. “ಹಾಕಿಸಿದ್ದೆವು, ಆಮೇಲೆ ತೆಗೆದೆವು” ಎಂದಷ್ಟೇ ಹೇಳಿ ಮುಂದೆ ಸರಿದೆವು. ಅಂದೇ ಸಂಜೆ ಇನ್ನೆರಡು ಕುಟುಂಬಗಳವರು ಅದೇ ಪ್ರಶ್ನೆಯನ್ನು ಕೇಳಿದರು. ವಾರ್ತಾಪತ್ರವನ್ನು ನೋಡಿಕೊಳ್ಳುವ ಸ್ವಯಂಸೇವಕರು ಪಕ್ಕದಲ್ಲಿಯೇ ಇದ್ದುದರಿಂದ, ಬರೆದುಕೊಡುವ ಹೊಣೆ ನಮ್ಮ ಪಾಲಿಗೆ ಬಂದಿತು.

ಈ ಲೇಖನದಲ್ಲಿ ‘ನಾವು’ ಎಂದರೆ ಶೋರ್‌ಲೈನಿನ ಒಂದು ಮನೆಯ ಗಂಡಹೆಂಡಿರು. ನಮ್ಮಲ್ಲೊಬ್ಬರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೆಳೆದವರು. ಸ್ಕೂಟರಿನ ಪ್ಲಗ್ ಒರೆಸುವುದರಾಚೆಗೆ ಅವರ ಯಂತ್ರಜ್ಞಾನವೆಲ್ಲವೂ ಈಚೆಗೆ ಓದಿ ಪಡೆದದ್ದು. ಇನ್ನೊಬ್ಬರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಟ್ರ್ಯಾಕ್ಟರಿನ ಮಗ್ಗುಲಲ್ಲೇ ಬೆಳೆದ ರೈತನ ಮಗಳು. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಿರುವುದರಿಂದ ಯಾವ ಮಾತು ಯಾರದೆಂದು ಬಿಡಿಸಿ ಹೇಳುವುದು ಈಗ ನಮಗೂ ಕಷ್ಟ. ಅಗತ್ಯವಿದ್ದಲ್ಲಿ ಮಾತ್ರ ‘ಬೆಂಗಳೂರಿನವರು’, ‘ಹಿರಿಯೂರಿನವಳು’ ಎಂದು ಹೆಸರಿಸುತ್ತೇವೆ.

ಉಡುಗೊರೆ

ನಮ್ಮ ಗಾಡಿ 2016ರ ಫೋರ್‌ರನ್ನರ್, ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್ನಿನದು. 2021ರಲ್ಲಿ ಹಳೆಯ ಗಾಡಿಯಾಗಿಯೇ ಕೊಂಡೆವು. ವರ್ಷದ ಬಹುಕಾಲ ಅದರ ಕೆಲಸ ಅರೋರಾ ಅವೆನ್ಯೂವಿನ ಮಳೆಯಲ್ಲಿ ನೆನೆಯುತ್ತ ತರಕಾರಿ ತರುವುದಷ್ಟೇ. 2024ರ ಆಗಸ್ಟ್ ಕೊನೆಯಲ್ಲಿ ಲಘು ರೈಲು ಶೋರ್‌ಲೈನಿಗೆ ಬಂದಮೇಲೆ ಕಚೇರಿಯ ಓಡಾಟವೂ ತಪ್ಪಿ ಅದಕ್ಕೆ ಮತ್ತಷ್ಟು ಬಿಡುವಾಯಿತು. ಬೇಸಿಗೆಯಲ್ಲಿ ಮಾತ್ರ ಅದು ತನ್ನ ನಿಜವಾದ ಕಸುಬಿಗೆ ಇಳಿಯುತ್ತದೆ: ಕ್ಯಾಸ್ಕೇಡ್ ಪರ್ವತಗಳ ಜಲ್ಲಿಹಾದಿಗಳು, ಪೂರ್ವ ವಾಷಿಂಗ್ಟನ್ನಿನ ಮಣ್ಣುರಸ್ತೆಗಳು, ಮೋಸೆಸ್ ಲೇಕಿನ ಮರಳುದಿಬ್ಬಗಳು.

2024ರ ಜೂನಿನಲ್ಲಿ, ಅಪ್ಪಂದಿರ ದಿನದಂದು, ಹದಿನೇಳು ವರ್ಷದ ನಮ್ಮ ಮಗ ಒಂದು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟನು. ಒಳಗೆ ಕೆಂಪು ಬಣ್ಣದ, ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಏರ್ ಫಿಲ್ಟರ್. ದಿನಸಿ ಅಂಗಡಿಯೊಂದರಲ್ಲಿ ವಾರಾಂತ್ಯಗಳಲ್ಲಿ ದುಡಿದು ಗಳಿಸಿದ ಹಣದಿಂದ ಅವನು ನಮಗಾಗಿ ಕೊಂಡ ಮೊದಲ ವಸ್ತು ಅದು. ಹೀಗಾಗಿ ಅದು ಒಳ್ಳೆಯದೋ ಕೆಟ್ಟದೋ ಎಂಬ ವಿಚಾರಣೆಗೆ ಆ ದಿನ ಎಡೆಯೇ ಇರಲಿಲ್ಲ. ಅಪ್ಪ ಮಗ ಸೇರಿ ಹತ್ತು ನಿಮಿಷದಲ್ಲಿ ಅದನ್ನು ಗಾಡಿಗೆ ಕೂಡಿಸಿದರು.

ಮಗನ ವಾದಗಳು ಮೂರು. ಕಾಗದದ ಫಿಲ್ಟರನ್ನು ಬಳಸಿ ಎಸೆಯಬೇಕು, ಇದನ್ನು ತೊಳೆದು ಮತ್ತೆ ಬಳಸಬಹುದು. ಕಾಗದದ್ದು ಸುಮಾರು 25 ಡಾಲರ್, ಇದು ಅದರ ಎರಡೂವರೆಪಟ್ಟಾದರೂ ಕಾಲಕ್ರಮದಲ್ಲಿ ಉಳಿತಾಯವೇ. ಇದರಲ್ಲಿ ಗಾಳಿ ಸರಾಗವಾಗಿ ಹರಿಯುವುದರಿಂದ ಎಂಜಿನ್ನಿಗೆ ಶಕ್ತಿ ಹೆಚ್ಚು. “ಮೊಸರಿನ ಡಬ್ಬಿಯನ್ನೂ ತೊಳೆದಿಟ್ಟುಕೊಳ್ಳುವ ಮನೆ ನಮ್ಮದು, ಫಿಲ್ಟರ್ ಎಸೆಯುವುದೇಕೆ?” ಎಂದು ಅವನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಎಂಜಿನ್ನಿನ ಉಸಿರು

ಮುಂದಿನ ಸಂಗತಿಗಳು ತಿಳಿಯಬೇಕಾದರೆ ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಂದು ಕಿಲೋ ಪೆಟ್ರೋಲ್ ಸಮರ್ಪಕವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ನಮ್ಮಂಥ ನಾಲ್ಕು ಲೀಟರಿನ ಎಂಜಿನ್ ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಪೂರ್ತಿ ಒತ್ತಿದ ಆ್ಯಕ್ಸಿಲರೇಟರಿನಲ್ಲಿ, ನಿಮಿಷಕ್ಕೆ ಸುಮಾರು ಆರು ಸಾವಿರ ಲೀಟರ್ ಗಾಳಿಯನ್ನು ಸೆಳೆದುಕೊಳ್ಳಬಲ್ಲದು. ಆ ಗಾಳಿಯಲ್ಲಿ ಏನಿದೆಯೋ ಅದೆಲ್ಲವೂ ಸಿಲಿಂಡರಿನ ಬಾಗಿಲಿಗೆ ಬರುತ್ತದೆ.

ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಅಂಶ ಹೇರಳ. ಗಡಸುತನದ ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಸ್ಥಾನ ಏಳು. ಸಾಮಾನ್ಯ ಉಕ್ಕನ್ನು ಅದು ಗೀರಬಲ್ಲದು. ಕಣ್ಣಿಗೆ ಕಾಣುವ ಮರಳು ಅಷ್ಟೇನೂ ಅಪಾಯಕಾರಿಯಲ್ಲ, ಅದನ್ನು ಯಾವ ಫಿಲ್ಟರಾದರೂ ತಡೆಯುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಸಣ್ಣದಾದ, 5ರಿಂದ 20 ಮೈಕ್ರಾನಿನ ಕಣಗಳೇ ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಎಣ್ಣೆಯ ಪದರದೊಳಗೆ ಸೇರಿ ಲೋಹವನ್ನು ತಿನ್ನುತ್ತವೆ. ನಮ್ಮ ಅಜ್ಜಿಯರು ಔಷಧದ ಚೂರ್ಣವನ್ನು ಜರಡಿಯಲ್ಲಿ ಒಮ್ಮೆ ಆಡಿಸಿ, ಬಳಿಕ ತೆಳುಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುತ್ತಿದ್ದುದನ್ನು ನೆನೆದುಕೊಂಡರೆ ಈ ವ್ಯತ್ಯಾಸ ತಿಳಿಯುತ್ತದೆ.

ಕಾಗದದ ಫಿಲ್ಟರಿನಲ್ಲಿ ಒತ್ತಾದ ನಾರುಗಳ ಹಾಳೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿರುತ್ತಾರೆ. ಸಣ್ಣ ಚೌಕಟ್ಟಿನಲ್ಲಿ ದೊಡ್ಡ ವಿಸ್ತೀರ್ಣ ಅಡಗಿರುತ್ತದೆ. ಹತ್ತಿಯ ಫಿಲ್ಟರಿನಲ್ಲಿ ಸಡಿಲ ನೆಯ್ಗೆಯ ಬಟ್ಟೆಯ ಕೆಲವು ಪದರಗಳನ್ನು ತಂತಿಬಲೆಗಳ ನಡುವೆ ಇರಿಸಿ, ಅಂಟುಗುಣದ ಎಣ್ಣೆಯಿಂದ ನೆನೆಸಿರುತ್ತಾರೆ. ಅಲ್ಲಿ ಧೂಳನ್ನು ಹಿಡಿಯುವ ಕೆಲಸದ ಬಹುಪಾಲು ಎಣ್ಣೆಯದು. ಎಣ್ಣೆ ಕಡಿಮೆಯಾದಲ್ಲಿ ಧೂಳು ನುಸುಳುತ್ತದೆ, ಹೆಚ್ಚಾದಲ್ಲಿ ಎಣ್ಣೆಯೇ ಗಾಳಿಯ ಜೊತೆಗೆ ಮುಂದಕ್ಕೆ ಹೋಗುತ್ತದೆ.

ಈ ಎರಡನ್ನೂ ಹೋಲಿಸಲು ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷಾವಿಧಾನವಿದೆ. ನಿಗದಿತ ಧೂಳನ್ನು ನಿಗದಿತ ಗಾಳಿಯಲ್ಲಿ ಬೆರೆಸಿ ಫಿಲ್ಟರಿಗೆ ಉಣಿಸಿ, ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು ಎಂದು ಅಳೆಯುತ್ತಾರೆ. ಇಲ್ಲಿ ಶೇಕಡಾವಾರು ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಒಂದು ಫಿಲ್ಟರ್ ನೂರರಲ್ಲಿ 99 ಪಾಲು, ಇನ್ನೊಂದು 97 ಪಾಲು ಧೂಳು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಎರಡೇ ಅಂಕದ ಅಂತರವೆಂದು ತೋರುತ್ತದೆ. ಎಂಜಿನ್ನಿಗೆ ಸಂಬಂಧಿಸಿದ್ದು ಹಿಡಿದ ಧೂಳಲ್ಲ, ಬಿಟ್ಟ ಧೂಳು. ಮೊದಲನೆಯದು ಬಿಟ್ಟಿದ್ದು ಒಂದು ಪಾಲು, ಎರಡನೆಯದು ಮೂರು ಪಾಲು. ಒಳಗೆ ಹೋದದ್ದು ಮೂರರಷ್ಟಾಯಿತು.

ಇಷ್ಟನ್ನೂ ನಾವು ಓದಿ ತಿಳಿದದ್ದು ಉಡುಗೊರೆ ಬಂದ ನಾಲ್ಕು ತಿಂಗಳ ಮೇಲೆ. ಮೊದಲೇ ಓದಿದ್ದರೂ ಅದನ್ನು ಗಾಡಿಗೆ ಹಾಕದೆ ಇರುತ್ತಿದ್ದೆವೆಂದು ಎದೆಮುಟ್ಟಿ ಹೇಳಲಾರೆವು.

ವಾಂಟೇಜಿನ ಏರು

ಬೇಸಿಗೆಯ ಎರಡು ಪ್ರವಾಸಗಳು ಸುಗಮವಾಗಿಯೇ ನಡೆದವು. ಸೆಪ್ಟೆಂಬರ್ ಕೊನೆಯ ವಾರ ನಾಲ್ಕು ಕುಟುಂಬಗಳು ನಾಲ್ಕು ಗಾಡಿಗಳಲ್ಲಿ ಮೋಸೆಸ್ ಲೇಕಿಗೆ ಹೊರಟೆವು. ಹೊರಡುವ ಹಿಂದಿನ ಸಂಜೆ ಮಗನು ಫಿಲ್ಟರನ್ನು ತೊಳೆದು, ಒಣಗಿಸಿ, ಹೊಸ ಎಣ್ಣೆ ಹಚ್ಚಿದನು. ಧೂಳಿನ ಊರಿಗೆ ಹೋಗುವ ಮುನ್ನ ಶುಚಿ ಮಾಡಬೇಕೆಂಬ ಅವನ ಬುದ್ಧಿ ಮೆಚ್ಚತಕ್ಕದ್ದೇ. ಆದರೆ ಶೋರ್‌ಲೈನಿನ ಸೆಪ್ಟೆಂಬರ್ ಸಂಜೆಯಲ್ಲಿ ಹತ್ತಿಬಟ್ಟೆ ನಾಲ್ಕು ಗಂಟೆಯಲ್ಲಿ ಒಣಗುವುದಿಲ್ಲ. ಒದ್ದೆ ಉಳಿದ ಕಡೆ ಎಣ್ಣೆ ಹರಡದೆ ಬಿಳಿಯಾಗಿ ಕಂಡಿತು; ಅವನು ಮತ್ತಷ್ಟು ಸುರಿದನು. ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದೇ ಮೇಲೆಂದು ಭಾವಿಸಿದನು.

ಮರಳುದಿಬ್ಬಗಳಲ್ಲಿ ಕಳೆದ ಆ ಎರಡು ದಿನಗಳು ನಮ್ಮ ಮಕ್ಕಳೆಲ್ಲರ ನೆನಪಿನಲ್ಲಿ ಉಳಿಯುವಂಥವು. ದಿಬ್ಬಗಳಿಗಿಂತ ಹೆಚ್ಚು ಧೂಳು ಕುಡಿದದ್ದು ಅಲ್ಲಿಗೆ ಹೋಗುವ ಹೊಲದ ಹಾದಿಗಳಲ್ಲಿ. ರಾಗಿಹಿಟ್ಟಿನಷ್ಟು ನುಣುಪಾದ ಆ ಮಣ್ಣು ಮುಂದಿನ ಗಾಡಿ ಹೋದ ಎಷ್ಟೋ ಹೊತ್ತಿನವರೆಗೆ ಗಾಳಿಯಲ್ಲೇ ನಿಲ್ಲುತ್ತದೆ. ನಾಲ್ಕು ಗಾಡಿಗಳ ಸಾಲಿನಲ್ಲಿ ನಮ್ಮದು ಕೊನೆಯದು.

ಭಾನುವಾರ ಮಧ್ಯಾಹ್ನ ಹಿಂದಿರುಗುವಾಗ, ವಾಂಟೇಜಿನಲ್ಲಿ ಕೊಲಂಬಿಯಾ ನದಿಯ ಸೇತುವೆ ದಾಟಿ ರೈಗ್ರಾಸ್ ಶಿಖರದತ್ತ ಏರುವಾಗ, ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಏರಲಾರದೆ ತಡವರಿಸಿತು. ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ಸಂಕೇತ ಓದುವ ಸಾಧನವನ್ನು ಚುಚ್ಚಿ ನೋಡಿದರೆ ಪಿ 0171, ಪಿ 0174. ಸಿಲಿಂಡರುಗಳ ಎರಡು ಸಾಲುಗಳಲ್ಲಿಯೂ ಗಾಳಿಯ ಪ್ರಮಾಣಕ್ಕೆ ಪೆಟ್ರೋಲ್ ಸಾಲುತ್ತಿಲ್ಲವೆಂದು ಇದರ ಅರ್ಥ.

ಏರ್ ಫಿಲ್ಟರ್ ದಾಟಿ ಬಂದ ಗಾಳಿಯ ಹಾದಿಯಲ್ಲಿ, ಎಷ್ಟು ಗಾಳಿ ಬಂದಿತೆಂದು ಅಳೆಯುವ ಸೆನ್ಸರ್ ಇರುತ್ತದೆ. ಅದರಲ್ಲಿರುವ ಕಾದ ಸೂಕ್ಷ್ಮ ತಂತಿಯನ್ನು ಹಾದುಹೋಗುವ ಗಾಳಿ ತಣಿಸುತ್ತದೆ. ಎಷ್ಟು ತಣಿಸಿತೆಂಬುದರಿಂದ ಕಂಪ್ಯೂಟರ್ ಗಾಳಿಯ ತೂಕವನ್ನು ತಿಳಿಯುತ್ತದೆ. ಆ ತಂತಿಗೆ ಎಣ್ಣೆ ಮೆತ್ತಿ, ಅದರ ಮೇಲೆ ಧೂಳು ಕೂತರೆ, ಕಂಬಳಿ ಹೊದ್ದವನಿಗೆ ಚಳಿ ತಿಳಿಯದ ಹಾಗೆ ತಂತಿಗೆ ಗಾಳಿ ತಿಳಿಯದು. ಬಂದದ್ದಕ್ಕಿಂತ ಕಡಿಮೆ ಗಾಳಿ ಬಂದಿತೆಂದು ಅದು ವರದಿ ಮಾಡುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಕಡಿಮೆ ಬಿಡುತ್ತದೆ. ನಾವು ಮುಚ್ಚಳ ತೆಗೆದು ಫಿಲ್ಟರಿನ ಆಚೆಯ, ಶುದ್ಧವಾಗಿರಬೇಕಾದ ಕೊಳವೆಯೊಳಗೆ ಬೆರಳಾಡಿಸಿದೆವು. ಬೆರಳಿಗೆ ಎಣ್ಣೆಯೂ, ಎಣ್ಣೆಯಲ್ಲಿ ಕಲಸಿದ ಕಂದು ಧೂಳೂ ಹತ್ತಿತು.

ಬೆಂಗಳೂರಿನವರು ದನಿಯೇರಿಸಿದರು. ಅಷ್ಟು ಎಣ್ಣೆ ಸುರಿಯಲು ನಿನಗೆ ಹೇಳಿದವರಾರು, ಸೂಚನೆಯನ್ನು ಓದಲಿಲ್ಲವೇ, ಎಂಜಿನ್ನಿಗೆ ಏನಾದರೂ ಆದರೆ ಎಷ್ಟು ಸಾವಿರ ಡಾಲರ್ ಗೊತ್ತೇ, ಹೀಗೆ. ಜೊತೆಯ ಕುಟುಂಬಗಳವರು ದೂರ ಸರಿದು ನದಿಯ ಕಡೆ ನೋಡುತ್ತ ನಿಂತರು. ಮಗನು ಒಂದು ಮಾತನ್ನೂ ಆಡದೆ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತನು. ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದುದರಿಂದ, ನಿಧಾನವಾಗಿ ಮನೆ ಸೇರಬಹುದೆಂದು ನಿರ್ಧರಿಸಿ ಹೊರಟೆವು.

ಹಿರಿಯೂರಿನ ಕಣ

ಎಲೆನ್ಸ್‌ಬರ್ಗ್ ದಾಟುವವರೆಗೆ ಗಾಡಿಯೊಳಗೆ ಮಾತಿರಲಿಲ್ಲ. ಬಳಿಕ ಹಿರಿಯೂರಿನವಳು, ಯಾರನ್ನೂ ಉದ್ದೇಶಿಸದೆ ಹೇಳಿಕೊಂಡಂತೆ, ತನ್ನ ಹದಿಮೂರನೆಯ ವಯಸ್ಸಿನ ಒಂದು ಸಂಗತಿಯನ್ನು ಹೇಳತೊಡಗಿದಳು.

1991ರ ಸಂಕ್ರಾಂತಿಯ ಆಸುಪಾಸು. ಮನೆಯಲ್ಲಿ ಹಳೆಯ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರ್. ರಾಗಿ ಒಕ್ಕಣೆಯ ಕಾಲದಲ್ಲಿ ಅದು ನಮ್ಮ ಕಣದಲ್ಲಷ್ಟೇ ಅಲ್ಲದೆ ಅಕ್ಕಪಕ್ಕದವರ ಕಣಗಳಲ್ಲೂ ಬಾಡಿಗೆಗೆ ಸುತ್ತುತ್ತಿತ್ತು. ಆ ಟ್ರ್ಯಾಕ್ಟರಿನಲ್ಲಿ ಕಾಗದದ ಫಿಲ್ಟರ್ ಇರಲಿಲ್ಲ, ಎಣ್ಣೆಯ ಬಟ್ಟಲಿತ್ತು. ಒಳಬಂದ ಗಾಳಿ ನಡುಗೊಳವೆಯಲ್ಲಿ ಕೆಳಗಿಳಿದು, ಬಟ್ಟಲಿನ ಎಣ್ಣೆಯ ಮೇಲೆ ಥಟ್ಟನೆ ತಿರುಗಿ ಮೇಲೇರಬೇಕು. ಗಾಳಿ ತಿರುಗುತ್ತದೆ, ಭಾರವಾದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಉಳಿದುದನ್ನು ಮೇಲಿನ ಎಣ್ಣೆ ತೊಯ್ದ ತಂತಿಬಲೆ ಹಿಡಿಯುತ್ತದೆ. ನಮ್ಮ ನಾಡಿನ ಹಳೆಯ ಟ್ರ್ಯಾಕ್ಟರುಗಳೂ ಮಹೀಂದ್ರಾ ಜೀಪುಗಳೂ ದಶಕಗಳ ಕಾಲ ಹೀಗೆಯೇ ಉಸಿರಾಡಿದವು. ಎಣ್ಣೆಯಿಂದ ಧೂಳು ಹಿಡಿಯುವ ವಿದ್ಯೆ ನಮ್ಮ ಮಗನ ಕೆಂಪು ಪೆಟ್ಟಿಗೆಯೊಡನೆ ಹುಟ್ಟಿದ್ದೇನಲ್ಲ.

ಒಕ್ಕಣೆಯ ದಿನಗಳಲ್ಲಿ ಪ್ರತಿ ಸಂಜೆ ಆ ಬಟ್ಟಲನ್ನು ಕಳಚಿ, ಕೆಸರಾದ ಎಣ್ಣೆಯನ್ನು ಚೆಲ್ಲಿ, ಸೀಮೆಎಣ್ಣೆಯಲ್ಲಿ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ತುಂಬಬೇಕು. ಗೆರೆಗಿಂತ ಕಡಿಮೆಯಾದರೆ ಧೂಳು ಒಳಹೋಗುತ್ತದೆ, ಗೆರೆ ಮೀರಿದರೆ ಎಂಜಿನ್ ಆ ಎಣ್ಣೆಯನ್ನೂ ಹೀರಿಕೊಂಡು ಹತೋಟಿ ತಪ್ಪಿ ಓಡಬಹುದು. ಈ ಕೆಲಸವನ್ನು ಅಪ್ಪ ಅವಳಿಗೆ ವಹಿಸಿದ್ದರು. ಗಂಡುಮಕ್ಕಳಿದ್ದ ಮನೆಯಲ್ಲಿ ಅವಳಿಗೆ ದೊರೆತ ಆ ಕೆಲಸ ಅವಳ ಹೆಮ್ಮೆಯೂ ಆಗಿತ್ತು. ಆ ವರ್ಷ ಶಾಲೆಯ ನಾಟಕದ ಅಭ್ಯಾಸ ಸಂಜೆಯ ಹೊತ್ತಿಗೇ ಬಿದ್ದಿತು. ಮೊದಲು ಒಂದು ದಿನ ತಪ್ಪಿತು, ಆಮೇಲೆ ಒಂದು ವಾರ, ಕೊನೆಗೆ ಸುಮಾರು ಮೂರು ವಾರ. ಪ್ರತಿ ರಾತ್ರಿ ಅಪ್ಪ “ಬಟ್ಟಲು ತೊಳೆದೆಯಾ?” ಎಂದು ಕೇಳುತ್ತಿದ್ದರು. ಪ್ರತಿ ರಾತ್ರಿ ಅವಳು “ತೊಳೆದೆ” ಎನ್ನುತ್ತಿದ್ದಳು.

ಬೇಸಿಗೆಯ ಉಳುಮೆಯ ಹೊತ್ತಿಗೆ ಟ್ರ್ಯಾಕ್ಟರ್ ನೀಲಿ ಹೊಗೆ ಉಗುಳತೊಡಗಿತು, ಎಣ್ಣೆ ಕುಡಿಯತೊಡಗಿತು, ಬೆಳಗ್ಗೆ ಎದ್ದೇಳದಾಯಿತು. ಹಿರಿಯೂರಿನಿಂದ ಬಂದ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಸಿಲಿಂಡರಿನ ಗೋಡೆಯ ಗೀರುಗಳನ್ನೂ ಸವೆದ ರಿಂಗುಗಳನ್ನೂ ತೋರಿಸಿದನು. ಧೂಳು ಎಣ್ಣೆಯಲ್ಲಿ ಕಲೆತರೆ ಸಾಣೆಯ ಮುಲಾಮಾಗುತ್ತದೆಂದು ವಿವರಿಸಿದನು. ಬಳಿಕ ಗಾಳಿಯ ಬಟ್ಟಲನ್ನು ಕಳಚಿದನು. ಅದರ ತಳದಲ್ಲಿ ಗಟ್ಟಿಯಾದ ಮಣ್ಣಿತ್ತು. ಅಪ್ಪ ಅದನ್ನು ನೋಡಿದರು, ಅವನ ಕೈಯಿಂದ ಬಟ್ಟಲನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು, ಏನನ್ನೂ ಹೇಳಲಿಲ್ಲ. ಎಂಜಿನ್ ರಿಪೇರಿಗೆ ಹಣ ಹೊಂದಿಸಲು, ಟ್ರ್ಯಾಕ್ಟರ್ ಬಂದಮೇಲೂ ಮಾರದೆ ಉಳಿಸಿಕೊಂಡಿದ್ದ ಒಂದು ಜೊತೆ ಎತ್ತನ್ನು ಮಾರಿದರು. ಎತ್ತುಗಳು ಹೋದ ಮರುದಿನ ಸಂಜೆ ಅಪ್ಪ ಅವಳನ್ನು ಕರೆದು, ಅವಳೆದುರಿಗೆ ತಾವೇ ಬಟ್ಟಲನ್ನು ತೊಳೆದು, ಗೆರೆಯವರೆಗೆ ಎಣ್ಣೆ ತುಂಬಿ, “ನಾಳೆಯಿಂದ ನೀನು” ಎಂದರು. ಕೆಲಸವನ್ನು ಅವಳಿಂದ ಕಿತ್ತುಕೊಳ್ಳಲಿಲ್ಲ.

“ಅಜ್ಜ ಬೈಯಲೇ ಇಲ್ಲವೇ?” ಎಂದು ಹಿಂದಿನ ಸೀಟಿನಿಂದ ಪ್ರಶ್ನೆ ಬಂದಿತು. ಇಲ್ಲವೆಂದಳು. ಬೈದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತೆಂದಳು. ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಬೆಂಗಳೂರಿನವರು ಈ ಕಥೆಯನ್ನು ಕೇಳಿದ್ದು ಅದೇ ಮೊದಲು. ಸ್ನೋಕ್ವಾಲ್ಮಿ ಕಣಿವೆ ದಾಟಿ ಮಳೆ ಶುರುವಾದಾಗ ಅವರು ಮಗನ ಕ್ಷಮೆ ಕೇಳಿದರು. ಮಗನೂ, ಸೂಚನಾಪತ್ರವನ್ನು ಅರ್ಧವಷ್ಟೇ ಓದಿದ್ದೆನೆಂದು ಒಪ್ಪಿಕೊಂಡನು.

ಮನೆಗೆ ಬಂದಮೇಲೆ

ಸೆನ್ಸರನ್ನು ಅದಕ್ಕೆಂದೇ ಇರುವ ದ್ರವದಿಂದ ತೊಳೆದು, ಕಾಗದದ ಹೊಸ ಫಿಲ್ಟರ್ ಹಾಕಿದ ಮೇಲೆ ದೀಪ ಆರಿತು. ಎಂಜಿನ್ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಬೆಂಗಳೂರಿನವರಿಗೆ ಪ್ರತಿ ಬಾರಿ ಆಯಿಲ್ ಬದಲಿಸಿದಾಗಲೂ ಹೀಗೆ ಪರೀಕ್ಷೆ ಮಾಡಿಸುವ ಅಭ್ಯಾಸವಿದ್ದುದರಿಂದ ಹೋಲಿಕೆಗೆ ಹಳೆಯ ವರದಿಗಳಿದ್ದವು. ಸಿಲಿಕಾನಿನ ಪ್ರಮಾಣ ಎದ್ದು ಕಾಣುವಷ್ಟು ಏರಿತ್ತು. ಕಬ್ಬಿಣದ್ದೂ ತುಸು ಹೆಚ್ಚಿತ್ತು. ಚಳಿಗಾಲ ಕಳೆದು ಮತ್ತೆ ಪರೀಕ್ಷಿಸಿದಾಗ ಎರಡೂ ಇಳಿದಿದ್ದವು. ಆದರೆ ಚಳಿಗಾಲದಲ್ಲಿ ಗಾಡಿ ಧೂಳನ್ನೇ ಕಂಡಿರಲಿಲ್ಲ. ಆದಕಾರಣ ಈ ಒಂದು ಹೋಲಿಕೆಯಿಂದ ಎಣ್ಣೆಯ ಫಿಲ್ಟರೇ ದೋಷಿಯೆಂದು ತೀರ್ಪು ಕೊಡುವುದು ನ್ಯಾಯವಲ್ಲ. ನಮ್ಮ ಸಂದರ್ಭದಲ್ಲಿ ದೋಷ ಮೊದಲು ನಮ್ಮ ಕೈಯದು, ಆಮೇಲೆ ಫಿಲ್ಟರಿನದು.

ಇಂಥ ಕೈತಪ್ಪು ನಮಗೆ ಮಾತ್ರ ಆದದ್ದಲ್ಲ. ಎಣ್ಣೆ ಅತಿಯಾದ ಫಿಲ್ಟರುಗಳಿಂದ ಸೆನ್ಸರ್ ಕೆಟ್ಟು, ಗೇರ್ ಬದಲಾವಣೆಯಲ್ಲಿ ಕೂಡ ತೊಂದರೆ ಕಾಣಿಸಬಹುದೆಂದು ಜನರಲ್ ಮೋಟರ್ಸ್ ಸಂಸ್ಥೆ ತನ್ನ ದುರಸ್ತಿಗಾರರಿಗೆ ತಾಂತ್ರಿಕ ಸೂಚನೆಯನ್ನೇ ಹೊರಡಿಸಿತ್ತು. ಸರಿಯಾದ ಪ್ರಮಾಣದಲ್ಲಿ ಹಚ್ಚಿದ ಎಣ್ಣೆ ಸೆನ್ಸರಿಗೆ ಹೋಗದೆಂದು ಫಿಲ್ಟರ್ ತಯಾರಕರು ಹೇಳುತ್ತಾರೆ. ಇವೆರಡೂ ಒಟ್ಟಿಗೆ ನಿಜವಾಗಿರಬಲ್ಲವು. ‘ಸರಿಯಾದ ಪ್ರಮಾಣ’ ಎಂಬುದು ಮನೆಯ ಗ್ಯಾರೇಜಿನಲ್ಲಿ ಕೈಗೆ ಸಿಗುವುದೇ ಕಷ್ಟ.

ಇನ್ನು ಶಕ್ತಿ ಮತ್ತು ಮೈಲೇಜಿನ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಧುನಿಕ ಇಂಜೆಕ್ಷನ್ ಎಂಜಿನ್ನುಗಳ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ನೋಡಿದರು. ಕಟ್ಟಿದ ಫಿಲ್ಟರಿನಿಂದಲೂ ಮೈಲೇಜ್ ಗಣನೀಯವಾಗಿ ಇಳಿಯಲಿಲ್ಲ. ಪೂರ್ತಿ ವೇಗೋತ್ಕರ್ಷದಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಎಷ್ಟು ಗಾಳಿ ಬಂದಿತೋ ಅಷ್ಟಕ್ಕೇ ಪೆಟ್ರೋಲ್ ಅಳೆದು ಬಿಡುವ ಕಂಪ್ಯೂಟರ್ ಇದಕ್ಕೆ ಕಾರಣ. ಕಟ್ಟಿದ ಫಿಲ್ಟರಿನಿಂದಲೇ ಮೈಲೇಜ್ ಕೆಡದಿದ್ದರೆ, ಶುದ್ಧವಾದ ಕಾಗದದ ಫಿಲ್ಟರನ್ನು ಬದಲಿಸಿ ಮೈಲೇಜ್ ಗಳಿಸುವ ಆಸೆಗೆ ಆಧಾರ ಕಡಿಮೆ.

ನಮ್ಮ ರಾಜ್ಯಕ್ಕೆ ಧೂಳಿನ ಪಾಠ ಹೊಸದಲ್ಲ. 1980ರ ಮೇ 18ರ ಭಾನುವಾರ ಬೆಳಗ್ಗೆ 8 ಗಂಟೆ 32 ನಿಮಿಷಕ್ಕೆ ಸೇಂಟ್ ಹೆಲೆನ್ಸ್ ಪರ್ವತ ಸಿಡಿದು 57 ಜನ ಪ್ರಾಣ ಕಳೆದುಕೊಂಡರು. ಬೂದಿಯ ಮೋಡ ಪೂರ್ವಕ್ಕೆ ಹರಿದು ಯಾಕಿಮಾದಲ್ಲಿ ಹಗಲೇ ಕತ್ತಲಾಯಿತು. ರಿಟ್ಜ್‌ವಿಲ್ ಎಂಬ ಸಣ್ಣ ಊರಿನಲ್ಲಿ ಪ್ರಯಾಣಿಕರು ದಿನಗಟ್ಟಲೆ ಸಿಕ್ಕಿಬಿದ್ದರು. ಆ ಬೂದಿ ಎಂದರೆ ಪುಡಿಯಾದ ಗಾಜು. ಏರ್ ಫಿಲ್ಟರುಗಳು ಕಟ್ಟಿ ಹೆದ್ದಾರಿಯಲ್ಲಿ ಕಾರುಗಳು ನಿಂತವು, ಎಂಜಿನ್ನುಗಳು ಸವೆದವು. ನಾವು ಮೋಸೆಸ್ ಲೇಕಿಗೆ ಹೋಗುವ ಹಾದಿಯ ಅಕ್ಕಪಕ್ಕದ ಮಣ್ಣಿನಲ್ಲಿ ಆ ಬೂದಿಯೂ ಬೆರೆತಿದೆ.

ಹಾಗಾದರೆ ಹಾಕಿಸಬಹುದೇ?

ಯುಗಾದಿಯ ದಿನ ಕೇಳಿದ ಹಿರಿಯರಿಗೆ ನಮ್ಮ ಉತ್ತರ ಇದು. ಶೋರ್‌ಲೈನ್, ಬಾಥೆಲ್, ಬೆಲ್‌ವ್ಯೂಗಳ ಮಳೆಯಲ್ಲಿ ಓಡುವ, ವರ್ಷಕ್ಕೆ ಮೂರುನಾಲ್ಕು ಬಾರಿ ಧೂಳಿಗೆ ಇಳಿಯುವ ಕುಟುಂಬದ ಗಾಡಿಗೆ ಒಳ್ಳೆಯ ಕಾಗದದ ಫಿಲ್ಟರೇ ಲೇಸು. ಎಣ್ಣೆಯ ಫಿಲ್ಟರನ್ನು ನಾವು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಮಣ್ಣಿನ ಹಾದಿಯ ಮೋಟಾರ್‌ಸೈಕಲ್ಲುಗಳಲ್ಲಿ ಎಣ್ಣೆ ತೊಯ್ದ ಫೋಮಿನ ಫಿಲ್ಟರೇ ವಾಡಿಕೆ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರಲ್ಲ, ಅಂಥ ಸ್ಪರ್ಧೆಗಳಲ್ಲಿ ದಿನದ ಓಟ ಮುಗಿದೊಡನೆ ಫಿಲ್ಟರಿನ ಸೇವೆ ನಡೆದೇ ತೀರುತ್ತದೆ. ಹಿರಿಯೂರಿನ ಬಟ್ಟಲೂ ದಿನನಿತ್ಯದ ಸೇವೆಯನ್ನು ಬೇಡುತ್ತಿತ್ತು. ಅಷ್ಟು ನಿಷ್ಠೆಯಿಂದ ತೊಳೆದು, ಪೂರ್ತಿ ಒಣಗಿಸಿ, ಅಳೆದು ಎಣ್ಣೆ ಹಚ್ಚುವವರು ಬಳಸಲಿ. ಅಂಗಡಿ ಸಿಗದ ದೂರದ ಯಾತ್ರೆಗಳಿಗೂ ಅದು ಒದಗಿಬರಬಹುದು.

ಕೆಲವು ವ್ಯಾವಹಾರಿಕ ಮಾತುಗಳನ್ನೂ ಸೇರಿಸುತ್ತೇವೆ.

ಕಾಗದದ ಫಿಲ್ಟರನ್ನು ಟೊಯೊಟಾದವರು ಸಾಮಾನ್ಯವಾಗಿ 30,000 ಮೈಲಿಗೊಮ್ಮೆ ಬದಲಿಸಲು ಹೇಳುತ್ತಾರೆ. ಧೂಳಿನ ಹಾದಿಯಲ್ಲಿ ಓಡಿಸುವವರು 5,000 ಮೈಲಿಗೊಮ್ಮೆ ಪರೀಕ್ಷಿಸಬೇಕು. ಪರೀಕ್ಷಿಸುವುದೆಂದರೆ ಪ್ರತಿ ವಾರ ತೆಗೆದು ತಟ್ಟುವುದಲ್ಲ. ಕಾಗದದ ಮೇಲೆ ತೆಳುವಾಗಿ ಕೂತ ಧೂಳು ತಾನೂ ಒಂದು ಜರಡಿಯಾಗಿ ಕೆಲಸ ಮಾಡುತ್ತದೆ. ಅದನ್ನು ಕೊಡವುವ ಭರದಲ್ಲಿ ಹಾಳೆ ಹರಿಯಬಹುದು, ಅಂಚಿನ ರಬ್ಬರ್ ಸರಿಯಾಗಿ ಕೂರದೆ ಹೋಗಬಹುದು. ಯಾವ ಫಿಲ್ಟರಾದರೂ ಅಂಚಿನಲ್ಲಿ ಸಂದಿಯಿದ್ದರೆ ಸೋಸುವ ಕೆಲಸವೆಲ್ಲ ವ್ಯರ್ಥ. ಹಾಕಿದ ಮೇಲೆ ಆಚೆಯ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿರಿ. ಬಟ್ಟೆ ಬಿಳಿಯಾಗಿಯೇ ಉಳಿಯಬೇಕು.

ಸಾಲಿನಲ್ಲಿ ಹೋಗುವಾಗ ಮುಂದಿನ ಗಾಡಿಯ ಧೂಳು ಇಳಿಯುವಷ್ಟು ಅಂತರವಿರಲಿ. ಇದಕ್ಕೆ ಒಂದು ಡಾಲರೂ ಖರ್ಚಿಲ್ಲ, ಲಾಭ ಮಾತ್ರ ಯಾವ ಫಿಲ್ಟರಿಗೂ ಕಡಿಮೆಯಲ್ಲ. ನಮ್ಮ ಮುಂದಿನ ಪ್ರವಾಸದಲ್ಲಿ ಕೊನೆಯ ಗಾಡಿಯ ಸ್ಥಾನವನ್ನು ಸರದಿಯ ಮೇಲೆ ಹಂಚಿಕೊಳ್ಳೋಣವೆಂಬ ಸಲಹೆಯೂ ಇದೆ.

ಬೇರೆ ಸಂಸ್ಥೆಯ ಬಿಡಿಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ. 1975ರ ಮ್ಯಾಗ್ನಸನ್–ಮಾಸ್ ಕಾಯಿದೆಯಂತೆ, ಆ ಭಾಗದಿಂದಲೇ ಹಾನಿಯಾಯಿತೆಂದು ತಯಾರಕರು ತೋರಿಸಬೇಕು. ಆದರೆ ಎಣ್ಣೆ ಮೆತ್ತಿದ ಸೆನ್ಸರ್ ಅದನ್ನು ಸುಲಭವಾಗಿಯೇ ತೋರಿಸಿಕೊಡುತ್ತದೆ ಎಂಬುದು ನೆನಪಿರಲಿ.

ಕೊನೆಯದಾಗಿ, ಎಣ್ಣೆಯ ಫಿಲ್ಟರನ್ನು ಮನೆಯ ಮುಂದಿನ ಡ್ರೈವ್‌ವೇಯಲ್ಲಿ ತೊಳೆಯಬೇಡಿರಿ. ನಾವು ತೊಳೆದಿದ್ದೆವು, ತಿಳಿಯದೆ ಮಾಡಿದ ಇನ್ನೊಂದು ತಪ್ಪು ಅದು. ಶೋರ್‌ಲೈನಿನ ಬೀದಿಯ ಮಳೆಚರಂಡಿಗಳ ನೀರು ಶುದ್ಧೀಕರಣ ಘಟಕಕ್ಕೆ ಹೋಗದೆ, ಬೋಯಿಂಗ್ ಕ್ರೀಕ್, ಥಾರ್ನ್‌ಟನ್ ಕ್ರೀಕ್‌ಗಳಂಥ ತೊರೆಗಳ ಮೂಲಕ ಪ್ಯೂಜೆಟ್ ಸೌಂಡನ್ನೋ ಲೇಕ್ ವಾಷಿಂಗ್ಟನ್ನನ್ನೋ ಸೇರುತ್ತದೆ. ಒಂದು ಕಾಗದದ ಫಿಲ್ಟರ್ ಕಸಕ್ಕೆ ಹೋಗುವುದನ್ನು ತಪ್ಪಿಸಲು ಹೊರಟು ತೊರೆಗೆ ಎಣ್ಣೆ ಬಿಟ್ಟಂತಾಯಿತು.

ಮಗನ ಕೆಂಪು ಫಿಲ್ಟರ್ ಈಗ ನಮ್ಮ ಗ್ಯಾರೇಜಿನ ಅಟ್ಟದಲ್ಲಿದೆ. ಅದನ್ನು ಮಾರುವ ಮಾತನ್ನು ಅವನೇ ಎತ್ತಿದನು, ನಾವು ಒಪ್ಪಲಿಲ್ಲ. ಬರುವ ಆಗಸ್ಟಿನಲ್ಲಿ ಅವನು ಪುಲ್‌ಮನ್ನಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗುತ್ತಾನೆ. ಅದು ಪಲೂಸ್ ಸೀಮೆ. ಗಾಳಿ ತಂದು ಪೇರಿಸಿದ ನುಣುಪು ಮಣ್ಣಿನ ದಿನ್ನೆಗಳ ಮೇಲೆ ಗೋಧಿ ಬೆಳೆಯುವ ನಾಡು. ಅವನು ಅಲ್ಲಿಗೆ ಹೋಗುವುದು ಗೋಧಿಯ ಕೊಯ್ಲಿನ ಹೊತ್ತಿಗೇ. ಫೋರ್‌ರನ್ನರನ್ನು ಅವನೊಡನೆ ಕಳುಹಿಸುತ್ತಿದ್ದೇವೆ. ಎಂಜಿನ್ನಿನ ಹೊಣೆ ಇನ್ನು ಅವನದು. ಎರಡು ಕಾಗದದ ಫಿಲ್ಟರುಗಳನ್ನು ಕೊಂಡು ಗಾಡಿಯ ಹಿಂಬದಿಯಲ್ಲಿ ಇರಿಸಿದ್ದೇವೆ. ಫೋನಿನಲ್ಲಿ ಅದನ್ನು ಕುರಿತು ಪ್ರತಿ ವಾರ ವಿಚಾರಿಸುವುದಿಲ್ಲವೆಂದು ನಾವಿಬ್ಬರೂ ಮಾತು ಮಾಡಿಕೊಂಡಿದ್ದೇವೆ. ಎಷ್ಟು ವಾರ ನಡೆಸುತ್ತೇವೋ ನೋಡಬೇಕು.

ಪ್ರವಾಸಕ್ಕೆ ಬರುವವರು ಎಂದಿನಂತೆ ಸಂಘದ ಸ್ವಯಂಸೇವಕರಿಗೆ ಹೆಸರು ತಿಳಿಸಿರಿ. ಪುಳಿಯೋಗರೆ ನಮ್ಮದು.